ಶಾಲೆಯ ಟಿಸಿ ತರುವ ಮೊದಲು ಕರೆಂಟಿನ ಟಿಸಿ ನೋಡಿ

ಬೆಂಗಳೂರಿನಿಂದ ಪತ್ರ ಬರೆದ ತಂಗಿ, ನಾಲ್ಕು ಪುಟದಲ್ಲಿ ಮೂರು ಪುಟ ನಿಮ್ಮನ್ನು ನೀವೇ ಬೈದುಕೊಂಡಿದ್ದೀರಿ. ಯಜಮಾನರಿಗೆ ಮನೆಯಿಂದಲೇ ಕೆಲಸ. ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ತಮ್ಮ ಊರಿಗೆ ಜೂನ್ ಹೊತ್ತಿಗೆ ಹೋಗಿಬಿಡೋಣ ಅನ್ನುತ್ತಿದ್ದಾರೆ. ಊರಲ್ಲಿ ಸಿಸಿ ರಸ್ತೆ, ಫೈಬರ್ ಇಂಟರ್ನೆಟ್, ಶುದ್ಧ ಕುಡಿಯುವ ನೀರಿನ ಘಟಕ, ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು ಎಲ್ಲಾ ಇದೆ. ಮಗಳು ಎಂಟನೇ ತರಗತಿಗೆ, ಮಗ ಎರಡನೆಯದಕ್ಕೆ. ಆದರೂ ಮನಸ್ಸು ಒಪ್ಪುತ್ತಿಲ್ಲ, ‘ಸಿಟಿ ಚಟ ಬಿಡದ ಸೊಸೆ’ ಅನ್ನುತ್ತಾರೇನೋ ಎಂಬ ಅಳುಕು ಬೇರೆ.

ಚಟದ ಮಾತು ಹಾಗಿರಲಿ. ಮೂರನೇ ಪುಟದ ತುದಿಯಲ್ಲಿ ಒಂದು ಸಾಲು ಗೀಚಿ ಮುಂದೆ ಹೋಗಿದ್ದೀರಿ: ‘ಮನೆ ಊರಿಂದ ಸ್ವಲ್ಪ ಹೊರಗೆ, ನಮ್ಮ ಹೊಲದಲ್ಲಿದೆ, ಎರಡು ಕಿಲೋಮೀಟರ್.’ ನೀವು ಎಣಿಸಿದ ಸೌಲಭ್ಯಗಳೆಲ್ಲ ಊರಿಗಿವೆ ತಂಗಿ, ಆ ಹೊಲಕ್ಕಿಲ್ಲ.

ಮೊದಲು ಕರೆಂಟು, ಯಜಮಾನರ ಸಂಬಳ ಅದರ ಮೇಲೇ ನಿಂತಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರ ಮನೆಗಳ ಫೀಡರನ್ನೂ (ಕರೆಂಟು ತರುವ ಮುಖ್ಯ ಲೈನು) ಹೊಲದ ಪಂಪ್‌ಸೆಟ್ಟುಗಳ ಫೀಡರನ್ನೂ ಬೇರೆ ಮಾಡಿದ್ದಾರೆ. ಊರೊಳಗೆ ರಾತ್ರಿ ಹಗಲು ದೀಪ ಉರಿಯುವುದು ಅದಕ್ಕೇ. ಪಂಪ್‌ಸೆಟ್ ಫೀಡರಿಗೆ ತ್ರೀ ಫೇಸ್ ಕೊಡುವ ಲೆಕ್ಕ ದಿನಕ್ಕೆ 7 ತಾಸು, ಅದೂ ಪಾಳಿಯ ಮೇಲೆ, ಕೆಲವೊಮ್ಮೆ ನಡುರಾತ್ರಿ. ಹೊಲದ ಮನೆಗೆ ಲೈನ್ ಎಳೆಯುವುದು ಸಾಮಾನ್ಯವಾಗಿ ಹತ್ತಿರದ ಪಂಪ್‌ಸೆಟ್ ಟಿಸಿಯಿಂದಲೇ, ಅಂದರೆ ಟ್ರಾನ್ಸ್‌ಫಾರ್ಮರಿನಿಂದಲೇ. ಸುತ್ತಲಿನ ಮೋಟಾರುಗಳೆಲ್ಲ ಒಮ್ಮೆಗೇ ಚಾಲೂ ಆದರೆ ವೋಲ್ಟೇಜ್ ಕುಸಿಯುತ್ತದೆ.

‘ಇನ್ವರ್ಟರ್ ಇಟ್ಟರಾಯಿತು’ ಅಂದಿದ್ದಾರಂತೆ ಮೈದುನ. ಲೆಕ್ಕ ಹಾಕಿ. ಎರಡು ಫ್ಯಾನು 150 ವ್ಯಾಟ್, ಲ್ಯಾಪ್‌ಟಾಪ್ 60, ರೂಟರ್ 15, ದೀಪಗಳು 35, ಒಟ್ಟು 260. ಒಂದು 150 ಎಎಚ್ ಬ್ಯಾಟರಿ ಇದನ್ನು ನಾಲ್ಕು ತಾಸು ಎಳೆಯುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಆಗುವುದಿಲ್ಲ. ಹಾಕಿದರೆ ಎರಡೂವರೆ ತಾಸಿಗೇ ಕೈ ಎತ್ತುತ್ತದೆ. ಬರಿದಾದ ಬ್ಯಾಟರಿ ತುಂಬಲು 10ರಿಂದ 12 ತಾಸು ಬೇಕು, ತ್ರೀ ಫೇಸ್ ಸಿಗುವುದು ಏಳು. ಅದರ ಮೇಲೆ, ಯುಪಿಎಸ್ ಮೋಡ್‌ನಲ್ಲಿಟ್ಟ ಇನ್ವರ್ಟರ್ 180 ವೋಲ್ಟಿಗಿಂತ ಕೆಳಗಿನ ಕರೆಂಟನ್ನು ಮುಟ್ಟುವುದೇ ಇಲ್ಲ. ಸೋಲಾರ್ ಆಗುತ್ತದೆ, ಆದರೆ ಅದನ್ನು ಹಾಕಿಸಿಕೊಂಡು ಹೋಗಬೇಕು, ಹೋದ ಮೇಲೆ ಹಾಕಿಸುವುದಲ್ಲ. ಆ ಟಿಸಿಯ ಮೇಲೆ ಬರೆದ ನಂಬರಿನ ಫೋಟೊ ತೆಗೆಸಿ, ಅದು ಯಾವ ಫೀಡರಿನದು ಎಂದು ಜೆಸ್ಕಾಂ (ಆ ಸೀಮೆಯ ವಿದ್ಯುತ್ ಕಂಪನಿ) ಲೈನ್‌ಮನ್‌ನನ್ನೇ ಕೇಳಿಸಿ. ‘ಆ ಮನೆಗೆ ಬಿಲ್ಲೇ ಬರುವುದಿಲ್ಲ’ ಅಂದರೆ ಖುಷಿಪಡಬೇಡಿ. ರೈತರ ಉಚಿತ ಪಂಪ್‌ಸೆಟ್ ಕನೆಕ್ಷನ್ನಿಗೆ ಮನೆಯ ವೈರು ಸಿಕ್ಕಿಸಿರಬಹುದು.

ಇನ್ನು ಹಾದಿ. ಯಜಮಾನರು ಆ ಮನೆ ನೋಡಿ ಮನಸೋತದ್ದು ಎಳ್ಳ ಅಮಾವಾಸ್ಯೆಗೆ. ಸಜ್ಜಿ ರೊಟ್ಟಿ, ಭಜ್ಜಿ, ಎಳೆ ಬಿಸಿಲು, ಒಣಗಿದ ಬಂಡಿ ಹಾದಿ! ಆ ದಿನ ಯಾವ ಹೊಲ ಚಂದ ಕಾಣುವುದಿಲ್ಲ? ಹೊಲದ ಮನೆಯನ್ನು ಶ್ರಾವಣದಲ್ಲಿ ನೋಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಜನ ಚಳಿಗಾಲದಲ್ಲೇ ನೋಡಿ ಬರುತ್ತಾರೆ. ನಿಮ್ಮದು ಎರೆಭೂಮಿ, ಕಪ್ಪು ಜಿಗುಟು ಮಣ್ಣು. ಎರಡು ಮಳೆ ಬಿದ್ದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಮೆತ್ತಿ ಬೈಕ್ ನಿಂತಲ್ಲೇ ನಿಲ್ಲುತ್ತದೆ. ಶಾಲೆಯ ಬಸ್ಸು ಡಾಂಬರು ಬಿಟ್ಟು ಇಳಿಯುವುದಿಲ್ಲ. ನವರಾತ್ರಿ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದಿರುತ್ತದೆ, ಸಂಜೆ ಅದರ ನಡುವೆ ಬರುವ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ಯಜಮಾನರು ಮೀಟಿಂಗ್‌ನಲ್ಲಿರುತ್ತಾರೆ, ಹಾಗಾಗಿ ಬಿಡಲು ಹೋಗಿಬರುವುದು, ಕರೆತರಲು ಹೋಗಿಬರುವುದು ನಿಮ್ಮ ಪಾಲಿಗೆ. ದಿನಕ್ಕೆ ಎಂಟು ಕಿಲೋಮೀಟರ್ ನಡಿಗೆ.

ಹಾದಿಗೆ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಹಾಕಿಸುತ್ತೇವೆ ಅನ್ನಬಹುದು. ಹತ್ತಡಿ ಅಗಲ, ಅರ್ಧ ಅಡಿ ದಪ್ಪ ಅಂದರೂ ಎರಡು ಕಿಲೋಮೀಟರಿಗೆ ಸುಮಾರು 900 ಘನ ಮೀಟರ್ ಬೇಕು, ಎರಡು ಬ್ರಾಸಿನ (ಇನ್ನೂರು ಘನ ಅಡಿಯ) ಟಿಪ್ಪರಿನಲ್ಲಿ 160 ಟ್ರಿಪ್. ರೋಲರ್ ಹೊಡೆದರೆ ಅದು ಕುಗ್ಗುತ್ತದೆ, ಇನ್ನಷ್ಟು ಸುರಿಯಬೇಕು. ಹಾದಿ ಬೇರೆಯವರ ಹೊಲ ದಾಟಿ ಬರುವುದಿದ್ದರೆ ಅವರೂ ಒಪ್ಪಬೇಕು.

ನೀರಿನ ಬಗ್ಗೆ ಒಂದೇ ಮಾತು. ಹೊಲದ ಬೋರಿನ ನೀರು ಕಾಯಿಸಿ ಕುಡಿದರೆ ಸಾಕು ಎಂಬ ಭ್ರಮೆ ಬೇಡ. ಈ ಸೀಮೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಇದೆ, ಕಾಯಿಸಿದರೆ ಅದು ಹೋಗುವುದಿಲ್ಲ, ಇನ್ನೂ ಸಾಂದ್ರವಾಗುತ್ತದೆ. ಹತ್ತು ನಿಮಿಷ ಮೋಟಾರ್ ಓಡಿಸಿ, ಅದೇ ನೀರಿನಿಂದ ತೊಳೆದ ಒಂದು ಲೀಟರ್ ಬಾಟಲಿಯಲ್ಲಿ ತುಂಬಿಸಿ ಪರೀಕ್ಷೆಗೆ ಕೊಡಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಗನಿಗೆ ಕುಡಿಸಬೇಡಿ, ಶಾಶ್ವತ ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸು ಅವನದು.

ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರಿನ ಬಾಡಿಗೆ, ಊರಲ್ಲಿ ವಯಸ್ಸಾದ ತಾಯಿ, ಅವರಿಗೆ ಹಾಗೆ ಅನ್ನಿಸುವುದು ಸಹಜ. ಸಿಟ್ಟಿರುವುದು ಮೈದುನನ ಮೇಲೆ. ‘ಎಲ್ಲಾ ಅದ ವೈನಿ, ಸುಮ್ನ ಬರ್ರಿ’ ಅನ್ನುವ ಈ ಮಹಾಶಯ ಸಂಸಾರ ಸಮೇತ ಇರುವುದು ಊರೊಳಗೆ, ಅಗಸಿ (ಊರ ಹೆಬ್ಬಾಗಿಲು) ಹತ್ತಿರದ ಹಳೇ ಮನೆಯಲ್ಲಿ. ಹೊಲದ ಮನೆ ಕಟ್ಟಿ ಎರಡು ವರ್ಷವಾದರೂ ಅಲ್ಲಿ ಒಂದು ರಾತ್ರಿ ಮಲಗಿಲ್ಲ ಎಂದು ನೀವೇ ಬರೆದಿದ್ದೀರಿ. ಬೆಳೆ ಕಾಯಲು ಆತನಿಗೆ ಜನ ಬೇಕು, ಅಣ್ಣನ ಸಂಸಾರ ಸಿಕ್ಕಿದೆ.

ಊರಿಗೆ ಹೋಗಿ ತಂಗಿ. ಆದರೆ ಊರೊಳಗೆ ಬಾಡಿಗೆ ಮನೆ ಹಿಡಿದು ಹೋಗಿ, ದೀಪಾವಳಿವರೆಗೆ ಅಲ್ಲೇ ಇರಿ. ಯಜಮಾನರು ಲ್ಯಾಪ್‌ಟಾಪ್ ಹೆಗಲಿಗೇರಿಸಿ ದಿನಾ ಹೊಲದ ಮನೆಗೆ ಕೆಲಸಕ್ಕೆ ಹೋಗಿಬರಲಿ, ಮಳೆಗಾಲ ಪೂರ್ತಿ. ಬಾಡಿಗೆ ಮನೆ ಗೊತ್ತಾಗುವ ತನಕ ಮಕ್ಕಳ ಟಿಸಿಗೆ ಅರ್ಜಿ ಕೊಡಬೇಡಿ.

ಊರಲ್ಲಿ ಬಾಡಿಗೆಗೆ ಒಂದೂ ಮನೆ ಇಲ್ಲ ಅಂದರೆ ಮೈದುನನಿಗೆ ಫೋನ್ ಮಾಡಿ, ‘ನೀವ್ ಹೊಲದ ಮನಿಗಿ ಹೋಗ್ರಿ, ನಾವ್ ಅಗಸಿ ಮನಿಗಿ ಬರ್ತೀವಿ’ ಅನ್ನಿ. ಸಂಜೆಯೊಳಗೆ ಆತನೇ ಬಾಡಿಗೆ ಮನೆ ಹುಡುಕಿಕೊಟ್ಟಾನು.