ಹೆಡ್‌ಮಾಸ್ಟ್ರ ಕೈಯಲ್ಲಿ ಏನಿದೆ? ಕಾಸರಗೋಡಿನಿಂದ ಒಂದು ಉತ್ತರ

ಕೇರಳದಲ್ಲಿ ಶಾಲೆಗಳನ್ನು ಪಂಚಾಯತಿಗೆ ಕೊಟ್ಟಿದ್ದಾರಲ್ವಾ, ಮತ್ತೆ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಏನು ಕಷ್ಟ ಎಂದು ಕೇಳಿದ್ದೀರಿ. ಕೊಟ್ಟಿದ್ದಾರೆ, ನಿಜ. ಸರಕಾರಿ ಪ್ರೈಮರಿ ಶಾಲೆಗಳು ಗ್ರಾಮ ಪಂಚಾಯತಿಗೆ, ಹೈಸ್ಕೂಲುಗಳು ಜಿಲ್ಲಾ ಪಂಚಾಯತಿಗೆ ಸೇರುತ್ತವೆ. ಮಾಡು ಸೋರಿದರೆ, ಬೆಂಚು ಮುರಿದರೆ ಊರಿನಲ್ಲೇ ಕೇಳಬಹುದು.

ಆದರೆ ಖಾಯಂ ಮಾಸ್ಟ್ರು ಯಾರು ಎಂದು ಊರು ಹೇಳುವ ಹಾಗಿಲ್ಲ. ಆ ಆಯ್ಕೆ ರಾಜ್ಯದ ಲೋಕಸೇವಾ ಆಯೋಗದ್ದು. ನಮಗೆ ಮಂಗಳೂರು 50 ಕಿಲೋಮೀಟರ್, ರಾಜಧಾನಿ ತಿರುವನಂತಪುರ ಹೆಚ್ಚುಕಡಿಮೆ 600.

ನನಗೆ ಗೊತ್ತಿರುವ ಒಂದು ಶಾಲೆಯ ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಗಣಿತ ಟೀಚರ್ ಬಂದರು. ಮಕ್ಕಳಲ್ಲಿ ಮನೆಯಲ್ಲಿ ತುಳು ಆಡುವವರು, ಬ್ಯಾರಿ ಆಡುವವರು, ಹವ್ಯಕ ಕನ್ನಡದವರು ಎಲ್ಲ ಇದ್ದರು. ಬೋರ್ಡಿನಲ್ಲಿ ಬರೆದದ್ದನ್ನು ಸುಮ್ನೆ ನೋಡಿ ಬರೆದುಕೊಳ್ಳುತ್ತಿದ್ದರು. ಡೌಟು ಕೇಳುವುದು ಯಾವ ಭಾಷೆಯಲ್ಲಿ? ಆ ಟೀಚರದ್ದು ತಪ್ಪಿಲ್ಲ, ಕೆಲಸ ಸಿಕ್ಕಿದ ಕಡೆ ಬಂದಿದ್ದಾರೆ. ಅಪ್ಪ ಅಮ್ಮಂದಿರು ಹೆಡ್‌ಮಾಸ್ಟ್ರ ಹತ್ತಿರ ಹೋದರು. ಮೇಲಕ್ಕೆ ಕಾಗದ ಬರೆಯುವುದೊಂದೇ ಅವರ ಕೈಯಲ್ಲಿ ಇದ್ದದ್ದು. ಬರೆದರು. ಕಾದರು.

ಅದೇ ಶಾಲೆಯಲ್ಲಿ ಇನ್ನೊಂದು ಹುದ್ದೆ ಖಾಲಿಯಾದಾಗ ದಿನವೇತನಕ್ಕೆ ಒಬ್ಬರನ್ನು ತೆಗೆದುಕೊಳ್ಳಬೇಕಾಯಿತು. ಈ ಸಂದರ್ಶನ ಶಾಲೆಯಲ್ಲೇ ನಡೆಯುತ್ತದೆ. ಪಕ್ಕದ ಊರಿನ ಹುಡುಗಿಯೊಬ್ಬಳು ಬಂದಳು. ಪಾಠ ಕನ್ನಡದಲ್ಲಿ, ಗದರಿಸುವುದು ತುಳುವಿನಲ್ಲಿ! ಮಕ್ಕಳು ಒಂದೇ ವಾರದಲ್ಲಿ ಹತ್ತಿರವಾದರು.

ಅನುದಾನಿತ ಶಾಲೆಗಳ ಕತೆ ಬೇರೆ. ಅಲ್ಲಿ ನೇಮಕ ಮ್ಯಾನೇಜರರದ್ದು, ಸಂಬಳ ಸರಕಾರದ್ದು. ಮ್ಯಾನೇಜರರಿಗೆ ಕನ್ನಡದ ಕಾಳಜಿ ಇದ್ದರೆ ಶಾಲೆ ಬದುಕುತ್ತದೆ.

ಎಲ್ಲವನ್ನೂ ಊರಿಗೇ ಬಿಡಿ ಎಂದು ನಾನು ಹೇಳುವುದಿಲ್ಲ. ಕನ್ನಡ ಪಠ್ಯಪುಸ್ತಕ, ತಿಂಗಳ ಸಂಬಳ ರಾಜ್ಯದಿಂದ ಬರಲೇಬೇಕು. ಊರಿಗೇ ಬಿಟ್ಟರೆ ತಮ್ಮವರಿಗೇ ಕೆಲಸ ಕೊಡುವವರೂ ಇರುತ್ತಾರೆ. ಆದರೆ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರೈಮರಿಯಲ್ಲಿ ಮಾತೃಭಾಷೆಯ ಪಾಠದ ಸೌಲಭ್ಯ ಇರಬೇಕು ಎನ್ನುತ್ತದೆ. ಕ್ಲಾಸಿನಲ್ಲಿ ಆ ಭಾಷೆ ಬಲ್ಲವರೇ ಇಲ್ಲದಿದ್ದರೆ ಅದು ನಡೆಯುವುದು ಹೇಗೆ? ಹೊಸಬರು ಸೇರುವ ಮೊದಲು ಹೆಡ್‌ಮಾಸ್ಟ್ರು, ಪಿ.ಟಿ.ಎ.ಯವರು (ಅಪ್ಪ ಅಮ್ಮಂದಿರು, ಮಾಸ್ಟ್ರುಗಳು ಸೇರಿದ ಶಾಲಾ ಸಂಘದವರು) ಕೂತು ಒಂದು ಪಾಠ ಕನ್ನಡದಲ್ಲಿ ಮಾಡಿಸಿ ನೋಡಲಿ. ಸಾಲದು ಅನಿಸಿದರೆ ಬೇಡ ಎನ್ನುವ ಹಕ್ಕು ಅವರಿಗಿರಲಿ. ನಾವು ಕೇಳುವುದು ಇಷ್ಟೇ.

ಆ ಹುಡುಗಿಯ ಕೆಲಸ ಮಾರ್ಚಿಗೆ ಮುಗಿಯಿತು. ಜೂನಿನಲ್ಲಿ ಯಾರು ಬರುತ್ತಾರೆ ಎಂದು ಮಕ್ಕಳು ಕೇಳಿದಾಗ ಹೆಡ್‌ಮಾಸ್ಟ್ರಿಗೂ ಗೊತ್ತಿರಲಿಲ್ಲ.