ಚಾಸಿ ತಿರುಚಲಿ, ಪೆಟ್ಟಿಗೆ ತಿರುಚಬಾರದು: ಕ್ಯಾಂಪರ್ ಟ್ರಕ್ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ತುಮಕೂರು ಜಿಲ್ಲೆಯ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಪಿಕಪ್ ಅಥವಾ ಸಣ್ಣ ಲಾರಿಯ ಬೆನ್ನ ಮೇಲೆ ಮಲಗಲು, ಅಡುಗೆ ಮಾಡಲು ಒಂದು ಪುಟ್ಟ ಮನೆ ಕಟ್ಟಬೇಕು. ಡಾಂಬರು ಮುಗಿದ ಮೇಲೂ ಅದು ಮುಂದಕ್ಕೆ ಹೋಗಬೇಕು. ಹೇಗೆ?

ಪ್ರಶ್ನೆ: ನನ್ನ ಹತ್ತಿರ ಒಂದು ಟನ್ ಹೊರುವ ಫೋರ್ ಬೈ ಫೋರ್ ಪಿಕಪ್ ಇದೆ. ಹಿಂದಿನ ತೊಟ್ಟಿ ತೆಗೆಸಿ, ಸ್ಟೀಲ್ ಪೈಪಿನ ಫ್ರೇಮ್ ಮಾಡಿಸಿ, ಚಾಸಿಗೇ ವೆಲ್ಡ್ ಮಾಡಿಸಬೇಕು ಅಂತಿದ್ದೇನೆ. ಗಟ್ಟಿಯಾಗಿ ಇರುತ್ತದೆ ಅಲ್ವಾ? (ಸಿರಾದ ಓದುಗರು)

ಉತ್ತರ: ಬೇಡ. ವೆಲ್ಡಿಂಗ್ ಮಾಡುವವರು ಬರುವ ಮೊದಲೇ ಈ ಉತ್ತರ ನಿಮ್ಮ ಕೈ ಸೇರಲಿ.

ನಿಮ್ಮ ಪಿಕಪ್ಪಿನ ಚಾಸಿ ಏಣಿ ಇದ್ದ ಹಾಗೆ. ಎರಡು ಉದ್ದ ಪಟ್ಟಿ, ನಡುವೆ ಅಡ್ಡ ಪಟ್ಟಿಗಳು. ಏಣಿಯ ಒಂದು ಮೂಲೆ ಹಿಡಿದು ಎತ್ತಿ ನೋಡಿ, ಅದು ಸ್ವಲ್ಪ ತಿರುಚುತ್ತದೆ. ಮುಂದಿನ ಎಡಗಾಲಿ ಗುಂಡಿಗೆ ಇಳಿದು, ಹಿಂದಿನ ಬಲಗಾಲಿಯೂ ಇನ್ನೊಂದು ಗುಂಡಿಗೆ ಇಳಿದಾಗ ಚಾಸಿಗೂ ಹಾಗೇ ಆಗುತ್ತದೆ. ಅದು ದೋಷ ಅಲ್ಲ. ಹಾಗೆ ತಿರುಚುವುದರಿಂದಲೇ ಗಾಲಿಗಳು ನೆಲ ಬಿಡದೆ ಹಿಡಿತ ಉಳಿಸಿಕೊಳ್ಳುತ್ತವೆ.

ಅದರ ಮೇಲೆ ಕೂರಿಸುವ ಮನೆ, ಅಂದರೆ ಪೆಟ್ಟಿಗೆ, ಹಾಗಲ್ಲ. ಆರೂ ಕಡೆ ಮುಚ್ಚಿದ ಪೆಟ್ಟಿಗೆಗೆ ತಿರುಚಲು ಬರುವುದಿಲ್ಲ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಸೋಲುವುದು ಪೆಟ್ಟಿಗೆಯ ಮೂಲೆ, ಇಲ್ಲವೇ ಕ್ಯಾಬಿನ್ ಹಿಂದಿನ ಚಾಸಿ. ನಾನು ಕಟ್ಟಿಸಿದ ಮೊದಲ ಪೆಟ್ಟಿಗೆಗೆ ಇದೇ ಆಯಿತು. ಗ್ಯಾರೇಜಿನಲ್ಲಿ ಎಂಟು ಕಡೆ ಗಟ್ಟಿಯಾಗಿ ಬೋಲ್ಟ್ ಹಾಕಿದ್ದರು. ಪಾವಗಡದ ಕಡೆ ಎರಡು ಸಲ ಹಳ್ಳ ದಾಟಿದೆ. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ತೆರೆಯಲೇ ಇಲ್ಲ. ಕಿಟಕಿಯ ಮೂಲೆಯಿಂದ ಬಿರುಕು ಹೊರಟಿತ್ತು. ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಇಳಿಯಿತು.

ಹಳೆಯ ಮರದ ಲಾರಿ ಬಾಡಿಗಳನ್ನು ನೆನಪಿಸಿಕೊಳ್ಳಿ. ಕರಕರ ಅನ್ನುತ್ತಲೇ ಎಷ್ಟೋ ವರ್ಷ ಓಡುತ್ತಿದ್ದವು. ಮರ ಒಂಚೂರು ಸಡಿಲು ಕೊಡುತ್ತಿತ್ತು, ಯು ಬೋಲ್ಟ್ ಒಂಚೂರು ಜಾರುತ್ತಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಸಡಿಲನ್ನು ನಾವೇ ಲೆಕ್ಕ ಹಾಕಿ ಇಡಬೇಕು.

ದಾರಿ ಎರಡಿವೆ. ಒಂದು, ಮೂರು ಕಡೆ ಮಾತ್ರ ಹಿಡಿಯುವುದು. ಎತ್ತಿನ ಗಾಡಿ ನೋಡಿ. ಎರಡು ಗಾಲಿ, ಮುಂದೆ ನೊಗದ ನಡುವೆ ಕಟ್ಟಿದ ಮೂಕಿ. ಹೊಲದ ಬದು ಹತ್ತಿದರೂ ಗಾಡಿ ಓರೆಯಾಗುತ್ತದೆಯೇ ಹೊರತು ತಿರುಚುವುದಿಲ್ಲ. ಅದೇ ರೀತಿ ಹಿಂದಿನ ಆಕ್ಸಲ್ ಬಳಿ ಎರಡು ಹಿಡಿತ, ಮುಂದೆ ನಡುವೆ ತಿರುಗುವ ಒಂದು ಪಿನ್. ದೊಡ್ಡ ಟ್ರಕ್‌ಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಮುಂದಿನ ಭಾರವೆಲ್ಲ ಒಂದೇ ಪಿನ್ ಮೇಲೆ, ಒಂದೇ ಅಡ್ಡ ಪಟ್ಟಿಯ ಮೇಲೆ ಬೀಳುತ್ತದೆ. ಪಿಕಪ್ಪಿನ ಅಡ್ಡ ಪಟ್ಟಿಯನ್ನು ಅದಕ್ಕೆಂದು ಮಾಡಿರುವುದಿಲ್ಲ.

ಹಾಗಾಗಿ ನಿಮಗೆ ನಾನು ಹೇಳುವುದು ಎರಡನೆಯದು, ಸ್ಪ್ರಿಂಗ್ ಹಿಡಿತ. ಪೆಟ್ಟಿಗೆಯ ಅಡಿಗೆ ಬೇರೆಯದೇ ಒಂದು ಸಬ್‌ಫ್ರೇಮ್, ಅಂದರೆ ಪೆಟ್ಟಿಗೆಯನ್ನು ಹೊರುವ ಚೌಕಟ್ಟು, ಮಾಡಿಸಿ. ಅದು ಚಾಸಿಯ ಎರಡೂ ಪಟ್ಟಿಗಳ ಮೇಲೆ ಉದ್ದಕ್ಕೂ ಕೂರಬೇಕು. ನಡುವೆ ನೈಲಾನ್ ಪಟ್ಟಿ ಅಥವಾ ಗಟ್ಟಿ ರಬ್ಬರ್ ಇರಲಿ. ಹಿಂದೆ ಬಿಗಿಯಾಗಿ ಬೋಲ್ಟ್ ಮಾಡಿ. ಮುಂದಿನ ಬ್ರಾಕೆಟ್‌ಗಳಲ್ಲಿ ಮಾತ್ರ ಉದ್ದ ಬೋಲ್ಟ್ ಹಾಕಿ, ಅದರ ಮೇಲೆ ಒತ್ತು ಸ್ಪ್ರಿಂಗ್ ಕೂರಿಸಿ. ಸಾಮಾನ್ಯ ರಸ್ತೆಯಲ್ಲಿ ಸ್ಪ್ರಿಂಗ್ ಪೆಟ್ಟಿಗೆಯನ್ನು ಚಾಸಿಗೆ ಒತ್ತಿ ಹಿಡಿಯುತ್ತದೆ. ಚಾಸಿ ತಿರುಚಿದಾಗ ಸ್ಪ್ರಿಂಗ್ ಕುಗ್ಗಿ, ಸಬ್‌ಫ್ರೇಮಿನ ಒಂದು ಬದಿ ಮೇಲೆದ್ದು ಸಂದು ಬಿಡುತ್ತದೆ. ಚಾಸಿ ಸಮವಾದರೆ ಮತ್ತೆ ಕೂರುತ್ತದೆ. ಅಡ್ಡಡ್ಡ ಜಾರದಂತೆ ಎರಡೂ ಬದಿಗೆ ದಪ್ಪ ಗೈಡ್ ಪ್ಲೇಟ್ ಇರಲೇಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಬರುವ ಭಾರವನ್ನೆಲ್ಲ ಆ ಉದ್ದ ಬೋಲ್ಟುಗಳೇ ತಡೆಯಬೇಕಾಗುತ್ತದೆ.

ಸ್ಪ್ರಿಂಗಿಗೆ ಎಷ್ಟು ಓಡಾಟ ಬೇಕು? ಊಹೆ ಮಾಡಬೇಡಿ, ಅಳೆಯಿರಿ. ಹಲಗೆ ಓರೆಯಾಗಿದೆಯೇ ಎಂದು ಬಡಗಿಗಳು ಎರಡು ನೇರ ಪಟ್ಟಿ ಇಟ್ಟು ಕಣ್ಣಲ್ಲೇ ನೋಡುತ್ತಾರಲ್ಲ, ಅದೇ ಉಪಾಯ. ತೊಟ್ಟಿ ತೆಗೆದ ಮೇಲೆ ಕ್ಯಾಬಿನ್ ಹಿಂದೆ ಚಾಸಿ ಮೇಲೆ ಅಡ್ಡಕ್ಕೆ ಒಂದು ನೇರ ಅಲ್ಯೂಮಿನಿಯಂ ಪೈಪ್ ಇಡಿ. ಹಿಂದಿನ ತುದಿಯಲ್ಲಿ ಇನ್ನೊಂದು. ಈಗ ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ಎರಡನ್ನೂ 25 ಸೆಂ.ಮೀ. ಎತ್ತರದ ಗಟ್ಟಿ ದಿಮ್ಮಿಗಳ ಮೇಲೆ ಹತ್ತಿಸಿ. ಹಿಂದೆ ನಿಂತು ನೋಡಿದರೆ ಎರಡು ಪೈಪುಗಳು ಎಷ್ಟು ಓರೆಯಾದವು ಎಂದು ಕಾಣುತ್ತದೆ. ಪಟ್ಟಿಯಿಂದ ಪಟ್ಟಿಗೆ ಎಷ್ಟು ಮಿ.ಮೀ. ವ್ಯತ್ಯಾಸ ಬಂತೋ ಅದಕ್ಕಿಂತ ಜಾಸ್ತಿ ಓಡಾಟ ಸ್ಪ್ರಿಂಗಿಗೆ ಇರಬೇಕು. ಪೆಟ್ಟಿಗೆ ಕೂರಿಸಿದ ಮೇಲೆ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ. ಈ ಸಲ ಕ್ಯಾಬಿನ್ನಿನ ಮೇಲಿನ ಮೂಲೆಗೂ ಪೆಟ್ಟಿಗೆಗೂ ಇರುವ ಸಂದು ನೋಡಿ. ನಾನು ಅಲ್ಲಿ 10 ಸೆಂ.ಮೀ.ಗಿಂತ ಕಡಿಮೆ ಬಿಡುವುದಿಲ್ಲ.

ಚಾಸಿ ಪಟ್ಟಿಗೆ ವೆಲ್ಡಿಂಗ್ ಬೇಡವೇ ಬೇಡ. ಶಾಖಕ್ಕೆ ಆ ಜಾಗದ ಉಕ್ಕು ಬಲ ಕಳೆದುಕೊಂಡು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಪಟ್ಟಿಯ ಮೇಲಿನ ಮತ್ತು ಕೆಳಗಿನ ಮಡಿಕೆಗೆ ತೂತೂ ಹಾಕಬಾರದು. ತೊಟ್ಟಿ ಕೂರಿಸಲು ಕಂಪನಿಯೇ ಕೊಟ್ಟಿರುವ ತೂತು, ಬ್ರಾಕೆಟ್‌ಗಳನ್ನು ಬಳಸಿ.

ಪ್ರಶ್ನೆ: ಪ್ಲೈವುಡ್ ಹಾಕಿ ಮೇಲೆ ತಗಡು ಹೊದಿಸಿದರೆ ಸಾಲದೇ? ಪಫ್ ಪ್ಯಾನೆಲ್ ದುಬಾರಿ ಅನ್ನುತ್ತಾರೆ. (ಕುಣಿಗಲ್)

ಉತ್ತರ: ದುಡ್ಡಿನ ಲೆಕ್ಕಕ್ಕೆ ಮೊದಲು ತೂಕದ ಲೆಕ್ಕ ಮಾಡೋಣ. 2.8 ಮೀಟರ್ ಉದ್ದ, 1.8 ಅಗಲ, 1.9 ಎತ್ತರದ ಪೆಟ್ಟಿಗೆ ಅಂದುಕೊಳ್ಳಿ. ಆರೂ ಮೈ ಸೇರಿ ಸುಮಾರು 27.5 ಚದರ ಮೀಟರ್. 18 ಮಿ.ಮೀ. ಪ್ಲೈವುಡ್ ಚದರ ಮೀಟರಿಗೆ ಸುಮಾರು 11 ಕೆ.ಜಿ. 1.2 ಮಿ.ಮೀ. ಸ್ಟೀಲ್ ತಗಡು 9.4 ಕೆ.ಜಿ. ಎರಡೂ ಸೇರಿದರೆ ಗೋಡೆಗಳೇ ಹತ್ತಿರ ಹತ್ತಿರ 560 ಕೆ.ಜಿ., ಪೈಪಿನ ಫ್ರೇಮ್ ಬೇರೆ. ನಡುವೆ 40 ಮಿ.ಮೀ. ಫೋಮ್, ಎರಡೂ ಕಡೆ ಒಂದೂವರೆ ಮಿ.ಮೀ. ಫೈಬರ್ ಹಾಳೆ ಇರುವ ಪಫ್ ಪ್ಯಾನೆಲ್ ಆದರೆ ಅಂಟೂ ಸೇರಿ ಚದರ ಮೀಟರಿಗೆ 8 ಕೆ.ಜಿ. ಆಸುಪಾಸು. ಒಟ್ಟು 220.

ಈಗ ಒಂದು ಟನ್ ಹೊರುವ ಗಾಡಿಯಲ್ಲಿ ಏನೇನು ಏರುತ್ತದೆ ನೋಡಿ. ಪೆಟ್ಟಿಗೆ 220, ಸಬ್‌ಫ್ರೇಮ್ 80, ಬಾಗಿಲು ಕಿಟಕಿ 60, ಮಂಚ ಕಪಾಟು 100, ನೀರು 100 ಲೀಟರ್ ಅಂದರೆ 100 ಕೆ.ಜಿ., ಬ್ಯಾಟರಿ 25, ಸೋಲಾರ್ ಮತ್ತು ಇನ್ವರ್ಟರ್ 40, ಇನ್ನೊಂದು ಸ್ಟೆಪ್ನಿ 30, ಇಬ್ಬರು ಜನ 140, ಬಟ್ಟೆ ಪಾತ್ರೆ ದಿನಸಿ ಗ್ಯಾಸ್ 80. ಕೂಡಿಸಿದರೆ 875. ಪ್ಲೈವುಡ್ಡು, ತಗಡು ಹಾಕಿದ್ದರೆ ಇದೇ ಮೊತ್ತ 1,200 ದಾಟುತ್ತಿತ್ತು. ಮಿತಿ ದಾಟಿದ ಗಾಡಿಯ ಬ್ರೇಕು, ಸ್ಪ್ರಿಂಗ್ ಪಟ್ಟೆ, ಬೇರಿಂಗು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ದೇವರಾಯನದುರ್ಗದಂಥ ಘಾಟಿಯ ಇಳಿಜಾರಿನಲ್ಲಿ ಅದು ಜೀವದ ಪ್ರಶ್ನೆ.

ಮೇಲಿನವು ಅಂದಾಜು. ನಿಮ್ಮ ಗಾಡಿಯದು ನಿಮಗೆ ಗೊತ್ತಾಗಬೇಕಾದರೆ ವೇ ಬ್ರಿಡ್ಜಿಗೆ ಹೋಗಿ. ತೊಟ್ಟಿ ತೆಗೆದ ದಿನ ಒಮ್ಮೆ, ಪೆಟ್ಟಿಗೆ ಕೂರಿಸಿದ ದಿನ ಒಮ್ಮೆ, ಎಲ್ಲ ತುಂಬಿಸಿ ಒಮ್ಮೆ ತೂಗಿಸಿ. ಪ್ರತಿ ಸಲವೂ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ನೀರಿನ ಟ್ಯಾಂಕು, ಬ್ಯಾಟರಿ ಎರಡೂ ಕೆಳಗೆ, ಹಿಂದಿನ ಆಕ್ಸಲಿಗಿಂತ ಮುಂದೆ ಇರಲಿ. ಹಿಂದಕ್ಕೆ ಇಟ್ಟರೆ ಮುಂಭಾಗ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಪ್ಯಾನೆಲ್ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಹಾಲು, ಐಸ್‌ಕ್ರೀಂ, ಮೀನು ಸಾಗಿಸುವ ತಂಪು ಗಾಡಿಗಳ ಬಾಡಿ ಕಟ್ಟುವವರ ಹತ್ತಿರ ಹೋಗಿ. ನಿಮಗೆ ಬೇಕಾದ ಕೆಲಸವನ್ನು ಅವರು ದಿನವೂ ಮಾಡುತ್ತಾರೆ. ಕಪಾಟು, ಮಂಚ ಎಲ್ಲೆಲ್ಲಿ ಬರುತ್ತದೆ ಎಂದು ಮೊದಲೇ ಗುರುತು ಮಾಡಿಕೊಡಿ. ಆ ಜಾಗಗಳಲ್ಲಿ ಫೋಮ್ ಬದಲು ಪ್ಲೈವುಡ್ ತುಂಡು ಸೇರಿಸಿ ಅಂಟಿಸುತ್ತಾರೆ. ಬರೀ ಫೋಮಿಗೆ ಸ್ಕ್ರೂ ಹಿಡಿಯುವುದಿಲ್ಲ.

ಪ್ರಶ್ನೆ: ನಮ್ಮೂರಲ್ಲಿ ತೆಂಗಿನ ನಾರು ಬೇಕಾದಷ್ಟು ಸಿಗುತ್ತದೆ. ಗೋಡೆಯೊಳಗೆ ಅದನ್ನೇ ತುಂಬಿದರೆ ಬಿಸಿಲು ತಡೆಯುವುದಿಲ್ಲವೇ? (ತಿಪಟೂರು)

ಉತ್ತರ: ಒಳ್ಳೆಯ ಪ್ರಶ್ನೆ. ನಿಂತ ಮನೆಯಲ್ಲಾದರೆ ನಾನೂ ಹೂಂ ಅನ್ನುತ್ತಿದ್ದೆ. ಓಡುವ ಗಾಡಿಯಲ್ಲಿ ಎರಡು ತೊಂದರೆ. ಕುಲುಕಾಟಕ್ಕೆ ನಾರು ಕೆಳಗೆ ಕುಸಿದು ಗೋಡೆಯ ಮೇಲ್ಭಾಗ ಖಾಲಿಯಾಗುತ್ತದೆ. ಜೊತೆಗೆ ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಇಬ್ಬರು ರಾತ್ರಿ ಮಲಗಿದರೆ ಉಸಿರಿನಿಂದಲೇ ಅರ್ಧ ಲೀಟರಿನಷ್ಟು ನೀರು ಹೊರಬರುತ್ತದೆ. ಡಿಸೆಂಬರಿನ ಚಳಿಯಲ್ಲಿ ಅದು ತಣ್ಣಗಿನ ಲೋಹ ಹುಡುಕಿಕೊಂಡು ಹೋಗಿ ಅಲ್ಲಿ ಹನಿಗಟ್ಟುತ್ತದೆ. ನಾರಿನೊಳಗೆ ಸೇರಿದರೆ ಬೂಷ್ಟು ಗ್ಯಾರಂಟಿ. ಗಾಜಿನ ಉಣ್ಣೆಗೂ ಇದೇ ಕಾಟ.

ಗೋಡೆಯೊಳಗಿನ ಸ್ಟೀಲ್ ಪೈಪೂ ಇಲ್ಲಿ ಶತ್ರುವೇ. ಸ್ಟೀಲು ಪಫ್ ಫೋಮಿಗಿಂತ ಸುಮಾರು ಎರಡು ಸಾವಿರ ಪಟ್ಟು ಸುಲಭವಾಗಿ ಶಾಖ ದಾಟಿಸುತ್ತದೆ. ಎಷ್ಟೇ ಫೋಮ್ ತುಂಬಿ, ಹೊರಗಿಂದ ಒಳಗೆ ಹಾದ ಒಂದೊಂದು ಪೈಪೂ ಬೇಸಿಗೆಯಲ್ಲಿ ಬಿಸಿ ತರುತ್ತದೆ, ಚಳಿಗಾಲದಲ್ಲಿ ಬೆವರುತ್ತದೆ. ಫ್ರೇಮ್ ಇಲ್ಲದೆ ಪ್ಯಾನೆಲ್ಲಿಗೆ ಪ್ಯಾನೆಲ್ ಅಂಟಿಸಿ, ಮೂಲೆಗೆ ಫೈಬರ್ ಕೋನಪಟ್ಟಿ ಹಾಕಿ ಕಟ್ಟುವುದು ಇದೇ ಕಾರಣಕ್ಕೆ. ತಣ್ಣನೆಯ ಗಾಳಿ ಒಳಗೆ ಬರಲು ಕೆಳಗೊಂದು ಕಿಂಡಿ, ಬಿಸಿಗಾಳಿ ಹೋಗಲು ಮಾಡಿನಲ್ಲೊಂದು ಫ್ಯಾನು ಇರಲಿ.

ನಿಮ್ಮ ನಾರನ್ನು ಬಿಡಬೇಡಿ. ರಬ್ಬರ್ ಹಚ್ಚಿದ ನಾರಿನ ಹಾಸನ್ನು ಹಾಸಿಗೆಯ ಅಡಿಗೆ ಹಾಕಿ. ಗಾಳಿಯಾಡುತ್ತದೆ, ಹಾಸಿಗೆಯ ತಳ ಒದ್ದೆಯಾಗುವುದಿಲ್ಲ. ಅದಕ್ಕೆ ಅದರಷ್ಟು ಒಳ್ಳೆಯ ವಸ್ತು ನಾನು ಕಂಡಿಲ್ಲ.

ಪ್ರಶ್ನೆ: ಆರ್‌ಟಿಒ ತಕರಾರು ಮಾಡುತ್ತಾರಾ? ಕೆಲಸ ಮುಗಿದ ಮೇಲೆ ಆರ್‌ಸಿಯಲ್ಲಿ ಬದಲಾಯಿಸಿದರೆ ಆಯಿತಲ್ಲ? (ತುಮಕೂರು ನಗರ)

ಉತ್ತರ: ಮುಗಿದ ಮೇಲೆ ಅಲ್ಲ, ಶುರುವಿಗೂ ಮುಂಚೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಹೊಂದದ ಹಾಗೆ ಮಾಲೀಕರು ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಸುಮ್ನೆ ಕಟ್ಟಿಸಿಕೊಂಡು ಓಡಾಡಿ ಅಪಘಾತವಾದರೆ ವಿಮೆಯೂ ಕೈ ಕೊಡಬಹುದು.

ನೇರ ದಾರಿ ಬೇಕಿದ್ದರೆ, ಬಾಡಿ ಇಲ್ಲದ ಕ್ಯಾಬ್ ಚಾಸಿಯನ್ನೇ ಹೊಸದಾಗಿ ಕೊಳ್ಳುವ ಯೋಚನೆ ಮಾಡಿ. ಬಾಡಿಯನ್ನು ಬೇರೆಯವರು ಕಟ್ಟುವ ಗಾಡಿಗಳಿಗೆಂದೇ ಫಾರಂ 22ಎ ಇದೆ. ಅದರ ಒಂದು ಭಾಗಕ್ಕೆ ತಯಾರಕರು, ಇನ್ನೊಂದಕ್ಕೆ ಬಾಡಿ ಕಟ್ಟಿದವರು ಸಹಿ ಮಾಡಬೇಕು. ಮೋಟಾರ್ ಕ್ಯಾರವಾನ್‌ಗಳಿಗೆ, ಅಂದರೆ ಒಳಗೇ ಇರಲು ಮಲಗಲು ಕಟ್ಟಿದ ಗಾಡಿಗಳಿಗೆ, ಎಐಎಸ್-124 ಎಂಬ ಮಾನದಂಡವಿದೆ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳು ಪರೀಕ್ಷೆ ಮಾಡುತ್ತವೆ. ಈ ಹಾದಿಯ ಅನುಭವ ಇರುವ ಬಾಡಿ ಬಿಲ್ಡರ್ ಹತ್ತಿರವೇ ಹೋಗಿ. ನಕ್ಷೆ, ತೂಕದ ಪಟ್ಟಿ ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆಯ ಮೇಲೆ ಗ್ರೈಂಡರ್ ಹಿಡಿಯಬೇಡಿ.

ಇನ್ನೊಂದು ಅಳತೆ ನೆನಪಿರಲಿ. ನಿಯಮದ ಪ್ರಕಾರ ಹಿಂದಿನ ಚಾಚು (ಹಿಂದಿನ ಆಕ್ಸಲಿನಿಂದ ಹಿಂದಕ್ಕೆ ಚಾಚಿದ ಭಾಗ) ವೀಲ್‌ಬೇಸಿನ, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರದ, ಶೇ 60ನ್ನು ಮೀರಬಾರದು. ಕಾಡುದಾರಿಯ ಗಾಡಿಗೆ ಅದು ಇನ್ನೂ ಗಿಡ್ಡವಿರಬೇಕು, ಇಲ್ಲದಿದ್ದರೆ ಹಳ್ಳ ಹತ್ತುವಾಗ ಪೆಟ್ಟಿಗೆಯ ಬಾಲ ನೆಲಕ್ಕೆ ಒರೆಸುತ್ತದೆ.

ಪ್ರಶ್ನೆ: ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಸೋಲಾರಿನಲ್ಲೇ ಎಸಿ ಓಡಿಸಬಹುದೇ? (ಪಾವಗಡ)

ಉತ್ತರ: 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ತಾಲ್ಲೂಕಿನವರು ಕೇಳಬೇಕಾದ ಪ್ರಶ್ನೆಯೇ! ಆದರೆ ನಿಮ್ಮ ಮಾಡು ಐದು ಚದರ ಮೀಟರ್ ಮಾತ್ರ. ಅದರ ಮೇಲೆ 400 ವ್ಯಾಟ್ ಪ್ಯಾನೆಲ್ ಹಾಕಿದರೆ ಒಳ್ಳೆಯ ದಿನ ಒಂದೂವರೆ ಯೂನಿಟ್ ಸಿಗುತ್ತದೆ. 12.8 ವೋಲ್ಟ್, 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಎರಡೂವರೆ ಯೂನಿಟ್ ಹಿಡಿಯುತ್ತದೆ. ಸಣ್ಣ ಎಸಿ ರಾತ್ರಿಯೆಲ್ಲ ಓಡಿದರೆ ಇದು ಸಾಲದು. ಫ್ರಿಜ್ಜು, ದೀಪ, ಕಡಿಮೆ ಕರೆಂಟಿನ ಎರಡು ಬಿಎಲ್‌ಡಿಸಿ ಫ್ಯಾನಿಗೆ ಧಾರಾಳ ಸಾಕು. ಪ್ಯಾನೆಲ್ ಮತ್ತು ಮಾಡಿನ ನಡುವೆ ನಾಲ್ಕು ಬೆರಳು ಸಂದು ಬಿಡಿ. ಗಾಳಿಯಾಡಿ ಪ್ಯಾನೆಲ್ ತಣ್ಣಗಿರುತ್ತದೆ, ಮಾಡಿಗೆ ನೆರಳೂ ಸಿಗುತ್ತದೆ.

ಪ್ರಶ್ನೆ: ಒಳಗೆ ನಿಂತು ಓಡಾಡುವಷ್ಟು ಎತ್ತರ ಬೇಕು. ಎಷ್ಟು ಎತ್ತರ ಹೋಗಬಹುದು? (ಮಧುಗಿರಿ)

ಉತ್ತರ: ನೆಲದಿಂದ ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ ತುದಿಯವರೆಗೆ 2.8 ಮೀಟರ್ ಒಳಗೆ ನಿಲ್ಲಿಸಲು ನೋಡಿ. ನಮ್ಮ ಕಡೆ ಹಳ್ಳಿ ದಾರಿಗಳಲ್ಲಿ ಹುಣಸೆ ಕೊಂಬೆ ತಗ್ಗಿರುತ್ತದೆ. ಹೊಲದ ಪಂಪ್‌ಸೆಟ್ಟಿನ ಕರೆಂಟು ತಂತಿ ಕೆಲವು ಕಡೆ ಅದಕ್ಕಿಂತ ತಗ್ಗಿರುತ್ತದೆ. ಲೋಹದ ಕ್ಯಾರಿಯರ್ ತಂತಿಗೆ ತಾಗಿದರೆ ಕಥೆ ಮುಗಿಯಿತು. ಅನುಮಾನ ಬಂದಲ್ಲಿ ಒಬ್ಬರು ಇಳಿದು ಮುಂದೆ ನಡೆದು ನೋಡಲೇಬೇಕು. ಕಿಟಕಿಗಳು ಹೊರಗೆ ಉಬ್ಬದೆ ಗೋಡೆಗೆ ಸಮವಾಗಿರಲಿ, ಬಳ್ಳಾರಿ ಜಾಲಿ ಒಂದೇ ದಿನದಲ್ಲಿ ಗೀರಿ ಹಾಕುತ್ತದೆ. ಬಾಗಿಲಿನ ಎದುರು ಬದಿಯಲ್ಲಿ ಒಬ್ಬ ದೊಡ್ಡವರು ತೂರಿ ಹೊರಬರುವಷ್ಟು ಕಿಟಕಿ ಒಂದಾದರೂ ಇರಬೇಕು. ಗ್ಯಾಸ್ ಸಿಲಿಂಡರಿಗೆ ಹೊರಗಿನಿಂದಷ್ಟೇ ತೆರೆಯುವ ಬೇರೆ ಗೂಡು ಮಾಡಿಸಿ, ಅದರ ತಳದಲ್ಲಿ ತೂತು ಬಿಡಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗಿಂದಲೇ ಹೊರಗೆ ಹೋಗಬೇಕು.