ಅಕೇಶಿಯಾ ಕಡಿದ ಜಾಗ ಬ್ಯಾಣ (ಹುಲ್ಲುಗಾವಲು) ಆಗಬೇಕಾದರೆ

ಪ್ರಶ್ನೆ: ನಮ್ಮ ಹಿಡುವಳಿಯ ಒಂದೂವರೆ ಎಕರೆ ಅಕೇಶಿಯಾ ತೋಪನ್ನು ಈ ಬೇಸಿಗೆಯಲ್ಲಿ ಕಡಿಸಿದ್ದೇವೆ. ಇಳಿಜಾರು ಜಾಗ, ಜಂಬಿಟ್ಟಿಗೆ ಮಣ್ಣು. ಮನೆಯಲ್ಲಿ ಮೂರು ಹಸು, ಎರಡು ಕರುಗಳಿವೆ. ಜೆಸಿಬಿಯಿಂದ ಬೊಡ್ಡೆ ಕೀಳಿಸಿ, ದರಕಿಗೆ (ಉದುರಿದ ಒಣ ಎಲೆಗೆ) ಬೆಂಕಿ ಕೊಟ್ಟು, ಹುಲ್ಲು ಹಾಕಿ ಈ ವರ್ಷವೇ ದನ ಮೇಯಿಸಬಹುದೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ದಯವಿಟ್ಟು ಬೆಂಕಿ ಕೊಡಬೇಡಿ. ನಮ್ಮ ಮನೆಯ ಹಿಂದಿನ ಮುಕ್ಕಾಲು ಎಕರೆಯಲ್ಲಿ ನಾನು ಅದನ್ನೇ ಮಾಡಿ ಎರಡು ಮಳೆಗಾಲ ಕಳೆದುಕೊಂಡೆ. ಅಕೇಶಿಯಾ ಬೀಜದ ಸಿಪ್ಪೆ ಬಲು ಗಟ್ಟಿ. ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಬೆಂಕಿಯ ಕಾವಿಗೆ ಆ ಸಿಪ್ಪೆ ಬಿರಿದು, ಮಳೆ ಹಿಡಿದ ಕೂಡಲೇ ಭತ್ತದ ಅಗೆಯಂತೆ ಸಸಿಗಳು ಎದ್ದವು. ಬೆಂಕಿ ಕೊಡದಿದ್ದರೂ ಒಂದಷ್ಟು ಹುಟ್ಟುತ್ತವೆ. ಎಳೆಯ ಸಸಿಯ ಎಲೆ ದೊಡ್ಡ ಮರದ್ದರಂತಿರುವುದಿಲ್ಲ, ಹುಣಸೆ ಸೊಪ್ಪಿನಂತೆ ಸಣ್ಣದಾಗಿ ಬಿಡಿಬಿಡಿಯಾಗಿರುತ್ತದೆ. ಆ ಹಂತದಲ್ಲಿ, ನೆಲ ಒದ್ದೆಯಿದ್ದಾಗ, ಎರಡು ಬೆರಳಿಗೆ ಕಿತ್ತು ಬರುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸುತ್ತಿ ಬನ್ನಿ. ಲಂಟಾನವನ್ನು ಮಾತ್ರ ಬುಡಸಮೇತ ಅಗೆದು ತೆಗೆಯಿರಿ. ಅದು ದನಗಳಿಗೆ ವಿಷ.

ಜೆಸಿಬಿಯೂ ಬೇಡ. ಇಳಿಜಾರಿನಲ್ಲಿ ಮಣ್ಣು ಕೆದಕಿಸಿದರೆ ನಮ್ಮ ಮಳೆ ಮೇಲ್ಮಣ್ಣನ್ನೆಲ್ಲ ಹಳ್ಳಕ್ಕೆ ಇಳಿಸುತ್ತದೆ. ಬೊಡ್ಡೆಗಳನ್ನು ನೆಲಮಟ್ಟಕ್ಕೆ ಕೊಯ್ಯಿಸಿ. ನೀಲಗಿರಿಯಷ್ಟು ಹಟದಿಂದ ಅಕೇಶಿಯಾ ಚಿಗುರುವುದಿಲ್ಲ; ಚಿಗುರಿದ್ದನ್ನು ಸವರುತ್ತಾ ಬಂದರೆ ಸಾಯುತ್ತದೆ. ಬೇರುಗಳು ಕೊಳೆಯುವವರೆಗೂ ನೆಲವನ್ನು ಹಿಡಿದಿರುತ್ತವೆ. ದರಕನ್ನು ಒಟ್ಟುಮಾಡಿ ಇಳಿಜಾರಿಗೆ ಅಡ್ಡವಾಗಿ ಸಾಲುಸಾಲಾಗಿ ಹಾಕಿ, ಹರಿಯುವ ನೀರಿನ ವೇಗ ತಗ್ಗುತ್ತದೆ.

ಹುಲ್ಲಿಗೆ ಗಿನಿ ಒಳ್ಳೆಯದು. ಬೀಜ ಎರಚಿದರೆ ಮಳೆಗೆ ಕೊಚ್ಚಿಹೋಗುತ್ತದೆ. ಬೇರುಸಮೇತ ಬಿಡಿಸಿದ ತೆಂಡೆಗಳನ್ನು ಮೃಗಶಿರಾ ಮಳೆಯಲ್ಲಿ, ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟು ನೆಡಿ. ನಡುವಿನ ಸಾಲುಗಳಲ್ಲಿ ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜ ಹಾಕಿ. ಹುಳಿಮಣ್ಣನ್ನೂ ಬಡ ನೆಲವನ್ನೂ ಸಹಿಸಿಕೊಂಡು ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುವ ಗಿಡ ಅದು. ಅದರ ಬೀಜಕ್ಕೂ ಗಟ್ಟಿ ಸಿಪ್ಪೆಯೇ. ಅಕೇಶಿಯಾವನ್ನು ಎಬ್ಬಿಸುವ ಕಾವು ಇದಕ್ಕೂ ಬೇಕು: ಕುದಿ ಇಳಿದ, ಸುಮಾರು 80 ಡಿಗ್ರಿಯ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಎಕರೆಗೆ ಮೂರು ಕಿಲೋ ಸಾಕು. ಬೀಜಕ್ಕೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನು ವಿಚಾರಿಸಿ.

ನಾಟಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ವರದಿ ನೋಡಿ ಸುಣ್ಣ ಕೊಡಿ. ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕ ಗಿಡಕ್ಕೆ ಸಿಗುವುದು ಕಡಿಮೆ. ಶಿಲಾರಂಜಕ (ರಾಕ್ ಫಾಸ್ಫೇಟ್) ಗೊಬ್ಬರ ಅಲ್ಲಿ ನಿಧಾನವಾಗಿ ಕರಗಿ ಒದಗುತ್ತದೆ. ಮೊದಲ ವರ್ಷ ಹುಲ್ಲು ಹಳದಿಯಾದರೆ ಗಾಬರಿ ಬೇಡ: ನೆಲದಲ್ಲಿ ಕೊಳೆಯುತ್ತಿರುವ ಬೇರು, ದರಕು ಸಾರಜನಕವನ್ನು ಹಿಡಿದಿಟ್ಟುಕೊಂಡಿರುತ್ತವೆ. ಕೊಟ್ಟಿಗೆಯ ಗಂಜಲ, ಸಗಣಿ ನೀರು ಹಾಯಿಸಿ.

ಈ ವರ್ಷ ದನ ಬಿಡಬೇಡಿ. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ನಲವತ್ತೈದು ದಿನಕ್ಕೊಮ್ಮೆ ಕೊಯ್ದು ಕೊಟ್ಟಿಗೆಗೆ ತನ್ನಿ. ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ನಾಲ್ಕಾರು ಕಡೆ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿ ನೋಡಿ. ಎಲೆ ಹರಿದು ಕೈಗೆ ಬಂದು ಬುಡ ಅಲ್ಲಾಡದಿದ್ದರೆ ಹಸುಗಳನ್ನು ಬಿಡಬಹುದು. ಬುಡವೇ ಕಿತ್ತು ಬಂದರೆ ಇನ್ನೊಂದು ಮಳೆಗಾಲ ಕಾಯಿರಿ.